‘ನೀವು ಬಂದಿದ್ದು ಯಾವ ವರ್ಷ?’: ವಲಸೆ, ಪೌರತ್ವ ಓದುವವಳಿಗೆ ಪದೇ ಪದೇ ಬರುವ ಪ್ರಶ್ನೆಗಳು

ಇಪ್ಪತ್ತೈದು ವರ್ಷದಿಂದ ನಾನು ಓದುತ್ತಿರುವುದು, ಪಾಠ ಹೇಳುತ್ತಿರುವುದು ಎರಡೇ ವಿಷಯ. ಜನ ಯಾಕೆ ಊರು ಬಿಡುತ್ತಾರೆ, ಮತ್ತು ಹೋದ ಊರು ಅವರನ್ನು ತನ್ನವರು ಅಂತ ಯಾವಾಗ ಒಪ್ಪುತ್ತದೆ. ಭಾಷಣ ಮುಗಿದ ಮೇಲೆ ಟೀ ಲೋಟ ಹಿಡಿದು ಹತ್ತಿರ ಬರುವವರು, ಪತ್ರ ಬರೆಯುವವರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂರುವ ನೆಂಟರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಮೇಡಂ, ಸಮಾಜಶಾಸ್ತ್ರ ಅಂದ್ರೆ ಸಮಾಜಸೇವೆನಾ?

ಅಲ್ಲ. ಸೇವೆ ಮಾಡುವವರು ಜನರಿಗೆ ಏನಾದರೂ ಕೊಡುತ್ತಾರೆ. ನಾವು ಅವರ ಸಮಯ ತಗೊಂಡು, ಅವರ ಟೀ ಕುಡಿದು, ಅವರ ಮಾತು ಬರೆದುಕೊಂಡು ಬರುತ್ತೇವೆ. ಬದಲಿಗೆ ಏನು ಕೊಟ್ಟೆವು ಅನ್ನುವುದು ಈ ವೃತ್ತಿಯ ಹಳೇ ಮುಜುಗರ.

ನಾನು ತುಮಕೂರಿಂದ ಬೆಂಗಳೂರಿಗೆ ಬಂದವನು. ನಾನೂ ವಲಸಿಗನಾ?

ಜನಗಣತಿ ಲೆಕ್ಕದಲ್ಲಿ ಹೌದು. ಎಣಿಕೆಯ ದಿನ ನೀವು ಇರುವ ಊರು, ಹಿಂದೆ ವಾಸವಿದ್ದ ಊರು ಬೇರೆಯಾದರೆ ನೀವು ವಲಸಿಗರೇ. 2011ರ ಗಣತಿಯಲ್ಲಿ ಅಂಥವರು ಸುಮಾರು 45 ಕೋಟಿ. ಈ ಸಂಖ್ಯೆ ಕೇಳಿದ ತಕ್ಷಣ ರೈಲು ತುಂಬ ಬರುವ ಗಂಡಸರನ್ನು ನೆನೆಸಿಕೊಳ್ಳಬೇಡಿ. ಇವರಲ್ಲಿ ಹೆಂಗಸರೇ ಜಾಸ್ತಿ, ಕಾರಣ ಮದುವೆ. ತಿಪಟೂರಿನಿಂದ ಗಂಡನ ಮನೆಗೆ ಬಂದ ನಾನೂ ಆ 45 ಕೋಟಿಯಲ್ಲಿ ಒಬ್ಬಳು. ‘ವಲಸೆ ಮೇಲೆ ಸಂಶೋಧನೆ ಮಾಡ್ತೀನಿ’ ಅಂದಾಗ ನಮ್ಮತ್ತೆ ಬಿಹಾರದವರ ಬಗ್ಗೆಯಾ ಅಂತ ಕೇಳಿದ್ದರು. ಅವರೂ ಗುಬ್ಬಿಯಿಂದ ಬಂದವರೇ!

ಈ ಲೆಕ್ಕಕ್ಕೆ ಸರಿಯಾಗಿ ಸಿಗದವರೂ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಗುಳೆ ಹೋಗಿ, ಮುಂಗಾರಿನ ಹೊತ್ತಿಗೆ ಬಿತ್ತನೆಗೆ ವಾಪಸ್ ಬರುವ ಕುಟುಂಬಗಳು. ಎಣಿಸುವವರು ಬಂದಾಗ ಊರಲ್ಲಿ ಬೀಗ, ಬೆಂಗಳೂರಿನ ಶೆಡ್ಡಿಗೆ ಮನೆ ನಂಬರೇ ಇಲ್ಲ. ಇಂಥವರನ್ನು ಹಿಡಿಯಲೆಂದೇ 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಬೇರೆ ಪ್ರಶ್ನೆ ಇಟ್ಟಿತ್ತು: ಕಳೆದ ಒಂದು ವರ್ಷದಲ್ಲಿ ಕೆಲಸಕ್ಕಾಗಿ ಒಂದು ತಿಂಗಳು ಅಥವಾ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಊರು ಬಿಟ್ಟಿದ್ದಿರಾ? ಏಳು ತಿಂಗಳು ಹೋದವರು ಆ ಪ್ರಶ್ನೆಯಿಂದಲೂ ಜಾರುತ್ತಾರೆ.

ಪೌರತ್ವ ಅಂದ್ರೆ ಪಾಸ್‌ಪೋರ್ಟ್ ತಾನೇ? ವಲಸೆಗೂ ಅದಕ್ಕೂ ಏನು ಸಂಬಂಧ?

ವಕೀಲರಿಗೆ ಪೌರತ್ವ ಎಂದರೆ ಒಂದು ಸ್ಥಾನ: ಇದೆ ಅಥವಾ ಇಲ್ಲ. ನಮಗೆ ಅದು ದಿನಾ ನಡೆಯುವ ವ್ಯವಹಾರ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಟಿ.ಎಚ್. ಮಾರ್ಷಲ್ 1949ರಲ್ಲಿ ಕೇಂಬ್ರಿಡ್ಜಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನು ಮೂರು ಪದರವಾಗಿ ಬಿಡಿಸಿದರು. ಮಾತು, ಆಸ್ತಿ, ನ್ಯಾಯದ ಹಕ್ಕು ಒಂದು. ವೋಟಿನ ಹಕ್ಕು ಇನ್ನೊಂದು. ಶಾಲೆ, ಆಸ್ಪತ್ರೆ, ಗೌರವದ ಬದುಕಿನ ಹಕ್ಕು ಮೂರನೆಯದು. ಊರು ಬಿಟ್ಟವರಿಗೆ ಈ ಮೂರೂ ಒಟ್ಟಿಗೆ ಜೊತೆಗೆ ಬರುವುದಿಲ್ಲ. ನನ್ನ ಕೆಲಸ ಇರುವುದೇ ಅಲ್ಲಿ.

2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್‌ಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶಿಗಳು ಅನ್ನುವ ಮಾತು ಹಬ್ಬಿತ್ತು. ಮನೆ ಕಳಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂತು. ಕನ್ನಡ ಮಾತಾಡುವ ಹೆಣ್ಣುಮಗಳು ಕರ್ನಾಟಕದ ರಾಜಧಾನಿಯಲ್ಲಿ ಆಧಾರ್ ಕಾರ್ಡ್ ಎತ್ತಿ ಹಿಡಿದು ‘ನಾನು ಇಲ್ಲಿಯವಳೇ’ ಅನ್ನಬೇಕಾಗಿ ಬಂದರೆ, ಅವಳಿಗೆ ಪೌರತ್ವ ಇದೆಯಾ ಇಲ್ಲವಾ? ಕಾಗದದಲ್ಲಿ ಇದೆ. ಶೆಡ್ಡಿಗೆ ಜೆಸಿಬಿ ಬಂದ ಬೆಳಿಗ್ಗೆ ಅದು ಎಷ್ಟು ಕೆಲಸಕ್ಕೆ ಬಂತು ಅನ್ನುವುದು ಬೇರೆ ಮಾತು.

## ಓದು, ಕೆಲಸ, ಸಂಬಳ

ಮಗಳು ಸಮಾಜಶಾಸ್ತ್ರದಲ್ಲಿ ಎಂಎ ಮಾಡ್ತೀನಿ ಅಂತಾಳೆ. ಹೊಟ್ಟೆಪಾಡಿಗೆ ಆಗತ್ತಾ?

ಆಗುತ್ತದೆ, ಆದರೆ ತಡವಾಗಿ. ಎಂಎ ಆದ ಮೇಲೆ ಯುಜಿಸಿಯ ನೆಟ್ ಅಥವಾ ರಾಜ್ಯದ ಕೆ-ಸೆಟ್ ಬರೆಯಬೇಕು, ಎರಡೂ ಅಧ್ಯಾಪಕರ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪಿಎಚ್‌ಡಿಗೆ ಕಮ್ಮಿ ಅಂದ್ರೂ ಮೂರು ವರ್ಷ. ನಿಜ ಹೇಳಬೇಕೆಂದರೆ ಐದಾರು. ಖಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700ರಿಂದ ಶುರು.

‘ಖಾಯಂ’ ಅನ್ನುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ನಾನು ಆರು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ರಜೆಯ ತಿಂಗಳುಗಳಿಗೆ ಸಂಬಳ ಇಲ್ಲ, ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ. ಹಂಗಾಮಿ ಕೆಲಸದ ಬಗ್ಗೆ ಪಾಠ ಮಾಡುವಾಗ ಮಕ್ಕಳಿಗೆ ಬೇರೆ ಉದಾಹರಣೆ ಬೇಕಾಗುತ್ತಿರಲಿಲ್ಲ. ಪಾಠದ ಕೆಲಸ ಒಂದೇ ದಾರಿಯಲ್ಲ. ಸಮೀಕ್ಷಾ ಸಂಸ್ಥೆಗಳು, ಕಾರ್ಮಿಕ ಸಂಘಟನೆಗಳು, ಪತ್ರಿಕೆಗಳು, ಸರ್ಕಾರದ ಯೋಜನಾ ಘಟಕಗಳಲ್ಲಿ ನನ್ನ ವಿದ್ಯಾರ್ಥಿಗಳಿದ್ದಾರೆ. ಇಬ್ಬರು ಕೆಎಎಸ್ ಬರೆದು ಹೋದರು. ಈಗ ನಾನು ಬೈಯುವ ಫಾರಂಗಳಿಗೆ ಸಹಿ ಹಾಕುವುದು ಅವರೇ.

ಎಲ್ಲಿ ಓದಬೇಕು? ಇಂಗ್ಲಿಷ್ ಅಷ್ಟಾಗಿ ಬರಲ್ಲ ಅಂದ್ರೆ?

ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ) 1972ರಲ್ಲಿ ಶುರುವಾದದ್ದು, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರೂ ಅಲ್ಲಿದ್ದರು. ಅಂಕಿಅಂಶದ ಕಡೆ ಒಲವಿದ್ದರೆ ಜನಸಂಖ್ಯೆಯ ಅಧ್ಯಯನಕ್ಕೆಂದೇ ಇರುವ ಮುಂಬೈನ ಐಐಪಿಎಸ್. ವಲಸೆಯನ್ನೇ ಹಟ ಹಿಡಿದು ಅಳೆದವರು ಬೇಕೆಂದರೆ ತಿರುವನಂತಪುರದ ಸಿಡಿಎಸ್ (ಅಭಿವೃದ್ಧಿ ಅಧ್ಯಯನ ಕೇಂದ್ರ). 1998ರಲ್ಲಿ ಕೇರಳದ ಮನೆಮನೆಗೆ ಹೋಗಿ, ಗಲ್ಫಿಗೆ ಹೋದವರೆಷ್ಟು, ಬಂದವರೆಷ್ಟು, ಕಳಿಸಿದ ಹಣವೆಷ್ಟು ಅಂತ ಕೆಲವು ವರ್ಷಕ್ಕೊಮ್ಮೆ ಎಣಿಸುವ ಸರಣಿ ಶುರುವಾದದ್ದು ಅಲ್ಲೇ. ಕರ್ನಾಟಕದ ಗುಳೆಗೆ ಅಂಥ ಒಂದು ಸರಣಿ ಇದ್ದಿದ್ದರೆ ಅಂತ ನನಗೆ ಹೊಟ್ಟೆಕಿಚ್ಚು.

ಇಂಗ್ಲಿಷ್ ಓದಲು ಬರಬೇಕು, ತಪ್ಪಿಸಿಕೊಳ್ಳಲಾಗದು. ಆದರೆ ಫೀಲ್ಡಿನಲ್ಲಿ ನಿಮ್ಮನ್ನು ಕಾಯುವುದು ಕನ್ನಡ. ‘ಗುಳೆ’ ಅನ್ನುವ ಮಾತಿನಲ್ಲಿ ಬರ, ಸಾಲ, ಮೇಸ್ತ್ರಿಯಿಂದ ಪಡೆದ ಮುಂಗಡ, ಮನೆಯಲ್ಲಿ ಬಿಟ್ಟುಬಂದ ಮುದುಕರು ಎಲ್ಲ ಅಡಗಿದೆ. ‘ದುಡಿಯಾಕ ಹೋಗೀವಿ’ ಅನ್ನುವುದಕ್ಕೂ ‘ಗುಳೆ ಹೋಗೀವಿ’ ಅನ್ನುವುದಕ್ಕೂ ಇರುವ ದೂರ, ಇಂಗ್ಲಿಷ್ ಪ್ರಶ್ನಾವಳಿ ಹಿಡಿದು ಹೋದವರ ಕಿವಿಗೆ ಬೀಳುವುದೇ ಇಲ್ಲ.

ಪಿಎಚ್‌ಡಿಗೆ ಈ ವಿಷಯ ನಿಮಗೆ ಹೆಂಗೆ ಹೊಳೀತು?

ಹೊಳೆಯಲಿಲ್ಲ, ಬಸ್ಸಿನಲ್ಲಿ ಸಿಕ್ಕಿತು. ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಹೋಗುತ್ತಿದ್ದೆ. ಕಂಡಕ್ಟರ್ ಕೂಗುವ ಸ್ಟಾಪುಗಳಲ್ಲಿ ಅರ್ಧಕ್ಕರ್ಧ ‘ಕ್ಯಾಂಪ್’. ಇಷ್ಟೊಂದು ಕ್ಯಾಂಪ್ ಯಾಕೆ ಅಂತ ಪಕ್ಕದವರನ್ನು ಕೇಳಿದೆ. ಅವರು ನಕ್ಕು ‘ಯಾವ ಕ್ಯಾಂಪ್ ಕೇಳ್ತೀರಿ, ಆಂಧ್ರದವರದಾ, ಬಂಗಾಲಿಗಳದಾ?’ ಅಂದರು.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. ಕಾಲುವೆ ನೀರಿನ ಬೆನ್ನಿಗೆ ಆಂಧ್ರದ ಕರಾವಳಿಯಿಂದ ರೈತರು ಬಂದರು. ಜಮೀನು ಕೊಂಡರು, ಭತ್ತ ಹಾಕಿದರು, ಕ್ಯಾಂಪ್ ಕಟ್ಟಿಕೊಂಡರು. ಅವರನ್ನು ಯಾರೂ ‘ಯಾವ ವರ್ಷ ಬಂದಿರಿ, ಕಾಗದ ತೋರಿಸಿ’ ಅನ್ನಲಿಲ್ಲ. ಅದೇ ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಮನೆ, ಜಮೀನು ಕೊಟ್ಟು ಕೂರಿಸಿದ ಜಾಗ. ಹೊಲದಲ್ಲಿ ಅದೇ ಭತ್ತ. ಆದರೆ ಅಲ್ಲಿ ಅರ್ಧ ಶತಮಾನ ಕಳೆದರೂ ಪೌರತ್ವದ ಪ್ರಶ್ನೆ ಪೂರ್ತಿ ಮುಗಿಯಲಿಲ್ಲ. ಇನ್ನು ಜಿಲ್ಲೆಯ ಒಣಭೂಮಿಯ ಊರುಗಳಿಂದ, ನೂರಾರು ವರ್ಷದಿಂದ ಅಲ್ಲೇ ಇದ್ದವರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಬಂದು ನೆಲೆಯೂರಿದವರು, ತಂದು ಕೂರಿಸಲ್ಪಟ್ಟವರು, ಇದ್ದೂ ಹೋಗುವವರು. ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಮೂವರೂ ಮಿರ್ಚಿ ಮಂಡಕ್ಕಿ ತಿನ್ನುತ್ತಾ ನಿಂತಿರುತ್ತಾರೆ. ಇನ್ನೆಲ್ಲಿಗೆ ಹೋಗಲಿ ನಾನು?

## ಊರೂರು ತಿರುಗುವ ಕೆಲಸ

ಜನ ನಿಮ್ಮ ಹತ್ರ ನಿಜ ಹೇಳ್ತಾರಾ?

ನೀವು ಯಾರು ಅಂತ ಅವರು ಅಂದುಕೊಂಡಿದ್ದಾರೆ ಅನ್ನುವುದರ ಮೇಲಿದೆ. ನನ್ನ ಫೀಲ್ಡ್‌ವರ್ಕ್‌ನ ಎರಡನೇ ದಿನದ ಕತೆ ಇದು. ಆರ್.ಎಚ್. ಕ್ಯಾಂಪಿನ ಒಂದು ಅಂಗಳ. ನನ್ನ ಕೈಯಲ್ಲಿ ರಟ್ಟಿಗೆ ಕ್ಲಿಪ್ ಹಾಕಿದ ಫಾರಂ. ಮೊದಲ ಕಾಲಂ ಹೆಸರು, ಎರಡನೆಯದು ವಯಸ್ಸು, ಮೂರನೆಯದು ‘ಬಂದ ವರ್ಷ’. ಎಪ್ಪತ್ತರ ಆಸುಪಾಸಿನ ಅಜ್ಜ ಮೀನಿನ ಬಲೆ ಹೊಲಿಯುತ್ತಾ ಕೂತಿದ್ದರು. ಒಂದು ವರ್ಷ ಹೇಳಿದರು. ಒಳಗಿಂದ ಮಗ ಬಂದು ಬೇರೆ ವರ್ಷ ಹೇಳಿದ. ಅಪ್ಪ ಮಗ ಬಂಗಾಳಿಯಲ್ಲಿ ಗುಸುಗುಸು ಮಾತಾಡಿಕೊಂಡರು. ಅಜ್ಜ ಮೂರನೇ ವರ್ಷವೊಂದನ್ನು ಹೇಳಿ ನನ್ನ ಪೆನ್ನನ್ನೇ ನೋಡುತ್ತಾ ಕೂತರು.

ಅಷ್ಟರಲ್ಲಿ ಸೊಸೆ ತಗಡಿನ ಟ್ರಂಕ್ ಎಳೆದು ತಂದಳು. ಮೇಲೆ ಸೀರೆಗಳು, ಕೆಳಗೆ ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಕವರ್. ನುಸಿಗುಳಿಗೆಯ ವಾಸನೆ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಬಾರ್ಡರ್ ಸ್ಲಿಪ್, ಜಮೀನಿನ ಕಾಗದ, ಮಗನ ಶಾಲೆಯ ಟಿಸಿ, ವೋಟರ್ ಲಿಸ್ಟಿನ ಜೆರಾಕ್ಸ್. ಒಂದೊಂದಾಗಿ ಚಾಪೆ ಮೇಲೆ ಹರಡಿ, ‘ಎಲ್ಲಾ ಸರಿ ಇದೆಯಾ ನೋಡಿ ಮೇಡಂ’ ಅಂದಳು. ಅವರ ಕಣ್ಣಿಗೆ ನಾನು ಸರ್ಕಾರ. ನಾನು ಕೇಳಿದ್ದು ಸಂಶೋಧನೆಯ ಪ್ರಶ್ನೆಯಲ್ಲ, ತನಿಖೆಯ ಪ್ರಶ್ನೆ. ಆವತ್ತು ರಾತ್ರಿ ಲಾಡ್ಜಿನಲ್ಲಿ ಕೂತು ಎಲ್ಲ ಫಾರಂಗಳಲ್ಲೂ ಮೂರನೇ ಕಾಲಂ ಹೊಡೆದುಹಾಕಿದೆ. ರಟ್ಟು, ಕ್ಲಿಪ್ಪು ಬ್ಯಾಗಿನ ತಳ ಸೇರಿದವು.

ಮೂರು ವರ್ಷ ಹೇಳಿದ ಅಜ್ಜ ಸುಳ್ಳು ಹೇಳಿದರಾ? ನನಗೆ ಹಾಗನಿಸುವುದಿಲ್ಲ. ಗಡಿ ದಾಟಿದ್ದು ಒಂದು ವರ್ಷ, ಸ್ಲಿಪ್ ಸಿಕ್ಕಿದ್ದು ಒಂದು ವರ್ಷ, ಸಿಂಧನೂರಿಗೆ ಬಂದದ್ದು ಇನ್ನೊಂದು ವರ್ಷ. ‘ಬರುವುದು’ ಒಂದೇ ದಿನದ ಕೆಲಸ ಅಂದುಕೊಂಡಿದ್ದು ನನ್ನ ಫಾರಂ.

ಫೀಲ್ಡ್ ನೋಟ್ಸ್ ಹೇಗೆ ಇಟ್ಕೋಬೇಕು?

ಅವತ್ತಿನದು ಅವತ್ತೇ ಬರೆಯಿರಿ, ಮತ್ತು ಪ್ರತಿಗಳನ್ನು ಒಂದೇ ಕಟ್ಟಡದಲ್ಲಿ ಇಡಬೇಡಿ. ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಎಂ.ಎನ್. ಶ್ರೀನಿವಾಸ್ ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸಿಕ್ಕಿದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನಾವು ಶ್ರೀನಿವಾಸ್ ಅಲ್ಲ. ಪೆನ್‌ಡ್ರೈವ್ ಎರಡು ಇರಲಿ.

## ಕಾನೂನಿನ ಗಂಟುಗಳು

ಇಲ್ಲೇ ಹುಟ್ಟಿದ್ರೆ ಭಾರತೀಯರೇ ಅಲ್ವಾ?

ಯಾವಾಗ ಹುಟ್ಟಿದಿರಿ ಅನ್ನುವುದರ ಮೇಲೆ. 1955ರ ಪೌರತ್ವ ಕಾಯ್ದೆಯನ್ನು ಎರಡು ಸಲ ಬಿಗಿ ಮಾಡಿದ್ದಾರೆ. 26 ಜನವರಿ 1950ರಿಂದ 1 ಜುಲೈ 1987ಕ್ಕೆ ಮೊದಲು ಇಲ್ಲಿ ಹುಟ್ಟಿದವರು, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. ಆಮೇಲೆ ಹುಟ್ಟಿದವರಿಗೆ, ಒಬ್ಬರು ಭಾರತೀಯರಾಗಿರಲೇಬೇಕು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದನ್ನು ಕಣ್ಣಾರೆ ನೋಡಬೇಕಾದರೆ ಬೈಲಕುಪ್ಪೆಗೆ ಹೋಗಿ. 1960ರ ಹೊತ್ತಿಗೆ ಟಿಬೆಟಿನವರಿಗೆ ಕೊಟ್ಟ ನೆಲ. ಅಪ್ಪ ಅಮ್ಮ ಇಬ್ಬರೂ ಟಿಬೆಟಿನಲ್ಲೇ ಹುಟ್ಟಿದವರಾದರೆ, ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಕಾನೂನಿನ ಪ್ರಕಾರ ಭಾರತೀಯಳು, 1989ರಲ್ಲಿ ಹುಟ್ಟಿದ ತಮ್ಮ ಅಲ್ಲ. ಅವನ ಕೈಯಲ್ಲಿ ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶಿಯರ ನೋಂದಣಿ ಪತ್ರ, ಅಂದರೆ ಆರ್‌ಸಿ. ಅಕ್ಕನಂಥವರ ಹಕ್ಕನ್ನು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿದವು. ಆದರೂ ಹಕ್ಕಿದ್ದವರೆಲ್ಲ ಪಾಸ್‌ಪೋರ್ಟಿಗೆ ಓಡಲಿಲ್ಲ. ಪೌರತ್ವ ತಗೊಂಡರೆ ಟಿಬೆಟಿನ ಆಸೆ ಬಿಟ್ಟಂತೆ ಅಂತ ಕೆಲವರಿಗೆ, ಸೆಟ್ಲ್‌ಮೆಂಟಿನ ಮನೆ ಹೋದರೆ ಅಂತ ಕೆಲವರಿಗೆ ಅಳುಕು.

ಅಮೆರಿಕದಲ್ಲಿರೋ ಮಗನಿಗೆ ಒಸಿಐ ಇದೆ. ಎರಡೂ ದೇಶದ ಪೌರ ಅಂತ ತಾನೇ ಅರ್ಥ?

ಅಲ್ಲ. ಹೆಸರಿನಲ್ಲಿ (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ) ‘ನಾಗರಿಕ’ ಅಂತಿದೆ, ಒಳಗೆ ಇರುವುದು ಉದ್ದನೆಯ ವೀಸಾ. ವೋಟಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಊರಿನ ತೋಟ ಯಾರ ಹೆಸರಿಗೆ ಅನ್ನುವ ಮಾತು ಬಂದಾಗ ಈ ವ್ಯತ್ಯಾಸ ಎಲ್ಲರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ಅಸ್ಸಾಂ ಎನ್‌ಆರ್‌ಸಿ ಬಗ್ಗೆ ಯಾಕೆ ಅಷ್ಟು ಮಾತಾಡ್ತೀರಿ? ಅಲ್ಲಿಯದು ಅಲ್ಲಿಗೆ ಬಿಡಿ.

ಅಲ್ಲಿ ಕಂಡದ್ದು ಎಲ್ಲ ಕಡೆಗೂ ಪಾಠ. ಅದು ಯಾರು ಭಾರತೀಯರು ಅಂತ ಪಟ್ಟಿ ಮಾಡುವ ರಾಷ್ಟ್ರೀಯ ಪೌರ ನೋಂದಣಿ. 24 ಮಾರ್ಚ್ 1971ರ ಮಧ್ಯರಾತ್ರಿಯೊಳಗೆ ನೀವೋ ನಿಮ್ಮ ಹಿರಿಯರೋ ಇಲ್ಲಿದ್ದಿರಿ ಅಂತ ತೋರಿಸಬೇಕು. 2019ರ ಆಗಸ್ಟ್ 31ರ ಪಟ್ಟಿಯಲ್ಲಿ ಸುಮಾರು 19 ಲಕ್ಷ ಜನ ಹೊರಗುಳಿದರು. ಅರ್ಜಿ ಹಾಕಿದ್ದು ಸುಮಾರು 3.3 ಕೋಟಿ.

ನನ್ನ ಕಣ್ಣಿಗೆ ಬಿದ್ದದ್ದು ಮದುವೆಯಾದ ಹೆಂಗಸರು. ಶಾಲೆಗೆ ಹೋಗಿಲ್ಲ, ಜನನ ಪತ್ರ ಇಲ್ಲ, ಹದಿನೆಂಟಾಗುವ ಮೊದಲೇ ಗಂಡನ ಊರು. ವೋಟರ್ ಲಿಸ್ಟಿನಲ್ಲಿ ಇಂಥವರ ಹೆಂಡತಿ ಅಂತಿದೆ, ಇಂಥವರ ಮಗಳು ಅಂತ ಎಲ್ಲೂ ಇಲ್ಲ. ‘ಇವಳು ಇವರ ಮಗಳು, ಮದುವೆಯಾಗಿ ಹೋದವಳು’ ಅನ್ನುವ ಪಂಚಾಯಿತಿ ಕಾರ್ಯದರ್ಶಿಯ ಚೀಟಿಯೇ ಗತಿ. ಗುವಾಹಟಿ ಹೈಕೋರ್ಟ್ 2017ರ ಫೆಬ್ರವರಿಯಲ್ಲಿ ಆ ಚೀಟಿ ನಡೆಯದು ಅಂದಿತು. ಪರಿಶೀಲಿಸಿ ಒಪ್ಪಬಹುದು ಅಂತ ಸುಪ್ರೀಂ ಕೋರ್ಟ್ ಡಿಸೆಂಬರಿನಲ್ಲಿ ಹೇಳುವವರೆಗೆ ಲಕ್ಷಾಂತರ ಹೆಂಗಸರು ಒಂಬತ್ತು ತಿಂಗಳು ತ್ರಿಶಂಕುವಿನಲ್ಲಿದ್ದರು. ಈ ದೇಶದಲ್ಲಿ ಅತಿ ಹೆಚ್ಚು ಜನ ಊರು ಬದಲಿಸುವುದು ಮದುವೆಯಿಂದ. ನಮ್ಮಮ್ಮನ ಹತ್ತಿರವೂ ಅಜ್ಜನ ಮಗಳು ಅಂತ ಹೇಳುವ ಒಂದು ಕಾಗದ ಇಲ್ಲ. ಒಂದು ಭಾನುವಾರ ಸುಮ್ನೆ ಹುಡುಕಿ ನೋಡಿದೆವು.

ವಲಸೆ ಕಾರ್ಮಿಕರಿಗೆ ಕಾನೂನು ಇದೆಯಂತೆ. ನಮ್ಮ ಯಾದಗಿರಿಯವರಿಗೆ ಯಾಕೆ ಸಿಗಲ್ಲ?

ಅದು ಅಂತರರಾಜ್ಯ ಕಾನೂನು ಆಗಿದ್ದರಿಂದ. 1979ರ ಕಾಯ್ದೆಯಲ್ಲಿ ಗುತ್ತಿಗೆದಾರನಿಗೆ ಲೈಸೆನ್ಸ್, ಕೂಲಿಗೆ ಪಾಸ್‌ಬುಕ್, ಪ್ರಯಾಣ ಭತ್ಯೆ ಎಲ್ಲ ಬರೆದಿದ್ದರು. ಈಗ ಅದನ್ನು ಹೊಸ ಕಾರ್ಮಿಕ ಸಂಹಿತೆಗೆ ಸೇರಿಸಿದ್ದಾರೆ. ಆದರೆ ತಮಿಳುನಾಡಿನ ಹೊಸೂರಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಬಂದವನು ಅಂತರರಾಜ್ಯ ಕಾರ್ಮಿಕ. ಯಾದಗಿರಿಯಿಂದ ರಾತ್ರಿಯಿಡೀ ಬಂದವನು ಅಲ್ಲ. ವೋಟಿನ ಕತೆಯೂ ಇಷ್ಟೇ. ಹೆಸರಿರುವುದು ‘ಸಾಮಾನ್ಯವಾಗಿ ವಾಸಿಸುವ’ ಊರಲ್ಲಿ. ದೂರದಿಂದ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು, ಒಮ್ಮತ ಆಗಲಿಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಅಭ್ಯರ್ಥಿಗಳೇ ಶೆಡ್ಡುಗಳ ಹತ್ತಿರ ಗಾಡಿ ಕಳಿಸುತ್ತಾರೆ. ವರ್ಷವಿಡೀ ಯಾರಿಗೂ ಬೇಡವಾದವರಿಗೆ ಅವತ್ತು ಒಂದು ದಿನ ಕಿಟಕಿ ಸೀಟು.

## ಗಟ್ಟಿ ಪ್ರಶ್ನೆಗಳು

ಯುರೋಪಿನ ಸಿದ್ಧಾಂತ ಓದಿ ಇಲ್ಲಿಯದನ್ನ ಅಳೆಯೋದು ಸರಿನಾ?

ಕೆಲವು ಹೊಂದುತ್ತವೆ, ಕೆಲವು ಇಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಜರ್ಸ್ ಬ್ರೂಬೇಕರ್ ಫ್ರಾನ್ಸ್, ಜರ್ಮನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು: ಒಂದು ಕಡೆ ಹುಟ್ಟಿದ ನೆಲಕ್ಕೆ ಬೆಲೆ, ಇನ್ನೊಂದು ಕಡೆ ರಕ್ತಕ್ಕೆ. ಜರ್ಮನಿ 2000ದಿಂದ ನೆಲದ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಭಾರತ 1987ರಿಂದ ಉಲ್ಟಾ ದಿಕ್ಕಿನಲ್ಲಿ ನಡೆದಿದೆ. ಈ ಹೋಲಿಕೆ ಕೆಲಸಕ್ಕೆ ಬರುತ್ತದೆ.

ನನಗೆ ಹೆಚ್ಚು ಹತ್ತಿರದವರು ಅಬ್ದೆಲ್‌ಮಾಲೆಕ್ ಸಯ್ಯದ್. 1933ರಲ್ಲಿ ಅಲ್ಜೀರಿಯಾದ ಕಬೀಲಿಯಾದಲ್ಲಿ ಹುಟ್ಟಿ, ಫ್ರಾನ್ಸಿಗೆ ಬಂದು, ತನ್ನವರ ವಲಸೆಯನ್ನೇ ಜೀವನವಿಡೀ ಓದಿದವರು. ಬಂದವನನ್ನು ಮಾತ್ರ ನೋಡಬೇಡಿ, ಅವನು ಮೊದಲು ಎಲ್ಲಿಂದಲೋ ಹೋದವನು ಅನ್ನುವುದು ಅವರ ಹಟ. ಬೆಂಗಳೂರಿನ ಶೆಡ್ ನೋಡಿ ಲೇಖನ ಬರೆಯುವವರು ಶಹಾಪುರದ ಬೀಗ ಹಾಕಿದ ಮನೆಯನ್ನೂ, ಅದರ ಕಟ್ಟೆಯ ಮೇಲೆ ಕೂತ ಅಜ್ಜಿಯನ್ನೂ ನೋಡಿ ಬರಬೇಕು. ಅಲ್ಲಿ ಜಾತಿ ಸಿಗುತ್ತದೆ, ಸಾಲ ಸಿಗುತ್ತದೆ. ಯುರೋಪಿನ ಪುಸ್ತಕದಲ್ಲಿ ಮೇಸ್ತ್ರಿಯ ಮುಂಗಡದ ಬಗ್ಗೆ ಅಧ್ಯಾಯ ಇರುವುದಿಲ್ಲ.

ಹೊರಗಿನವರು ಬಂದು ಕನ್ನಡಿಗರ ಕೆಲಸ ಹೋಗ್ತಿದೆ. ನೀವು ಯಾರ ಪರ?

ಈ ಪ್ರಶ್ನೆಗೆ ನಗಬಾರದು, ಸಿಟ್ಟೂ ಮಾಡಬಾರದು. ಸರೋಜಿನಿ ಮಹಿಷಿ ವರದಿ 1986ರದ್ದು. ಅಲ್ಲಿಂದ ಇಲ್ಲಿವರೆಗೆ ಇದು ಜೀವಂತ. 2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆ ಸಂಪುಟದಲ್ಲಿ ಒಪ್ಪಿಗೆಯಾಗಿ, ಗದ್ದಲವಾಗಿ, ತಡೆಹಿಡಿಯಲ್ಪಟ್ಟಿತು. ಅದರಲ್ಲಿ ‘ಸ್ಥಳೀಯ’ ಅಂದರೆ ಇಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಬಲ್ಲವರು. ನೋಡಿ, ಮತ್ತೆ ವರ್ಷದ ಲೆಕ್ಕ.

ನನ್ನ ಅಭಿಪ್ರಾಯ ಕೇಳಿದರೆ, ಭಾಷೆಯ ನಿರೀಕ್ಷೆ ನ್ಯಾಯವಾದದ್ದು, ಹುಟ್ಟಿನ ಷರತ್ತು ಅಲ್ಲ. ಕನ್ನಡ ಕಲಿಯಬಹುದು; ಇನ್ನೊಂದು ಸಲ ಹುಟ್ಟಲಾಗದು. ಇನ್ನೊಂದು ಮಾತು. 2020ರ ಮೇ ಮೊದಲ ವಾರ ನೆನಪಿದೆಯಾ? ಬಿಲ್ಡರ್‌ಗಳ ಜೊತೆ ಮಾತುಕತೆಯಾದ ಮೇಲೆ ರಾಜ್ಯ ಸರ್ಕಾರ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ‘ಯಾಕೆ ಬಂದಿರಿ’ ಅಂತ ಕೇಳುವ ನಗರವೇ ‘ಹೋಗಬೇಡಿ’ ಅಂತ ಹಿಡಿದುಕೊಂಡ ಎರಡು ದಿನ ಅವು.

ನಮ್ಮ ತಾತನ ಜೊತೆ ನೀವು ಮಾತಾಡಿದ್ರಂತೆ. ಆ ನೋಟ್ಸಿನ ಕಾಪಿ ಕೊಡ್ತೀರಾ? ಅರ್ಜಿಗೆ ಬೇಕು.

ಇದು 2024ರಿಂದ ಬರುತ್ತಿರುವ ಹೊಸ ಪ್ರಶ್ನೆ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿಯ (ಸಿಎಎ) ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದವು. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನದಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರು ಅರ್ಜಿ ಹಾಕಬಹುದು. ಮುಸ್ಲಿಮರು ಆ ಪಟ್ಟಿಯಲ್ಲಿಲ್ಲ. ಅರ್ಜಿಗೆ ತಾನು ಆ ದೇಶದವನು ಅಂತ ತೋರಿಸುವ ಕಾಗದ ಬೇಕು. ಇಲ್ಲಿಯವರಾಗಲು ಮೊದಲು ಅಲ್ಲಿಯವರು ಅಂತ ಸಾಬೀತು ಮಾಡಬೇಕು. ಐವತ್ತು ವರ್ಷ ಇದಕ್ಕೆ ಉಲ್ಟಾ ಕಾಗದ ಕೂಡಿಟ್ಟವರಿಗೆ ತಲೆ ತಿರುಗದೆ ಇರುತ್ತದಾ? ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಕೆಲವರಿಗೆ ಆ ವರ್ಷವೇ ಪ್ರಮಾಣಪತ್ರ ಬಂತು.

ಮೊದಲು ನೇರ ಉತ್ತರ. ಸಂಶೋಧಕರ ಟಿಪ್ಪಣಿ ಆ ಅರ್ಜಿಗೆ ಒಪ್ಪುವ ದಾಖಲೆಯಲ್ಲ. ಬೇರೆಯವರ ಹೆಸರಿರುವ ಪುಟಗಳನ್ನು ನಾನು ಯಾರಿಗೂ ಕೊಡುವುದಿಲ್ಲ, ಸರ್ಕಾರಕ್ಕೂ ಕೊಟ್ಟಿಲ್ಲ. ನಿಮ್ಮ ಮನೆಯವರ ಮಾತು ಮಾತ್ರ ನಿಮ್ಮದೇ, ಕೇಳಿದರೆ ಕಳಿಸುತ್ತೇನೆ.

ಮೊದಲು ಕೇಳಿದ ಹುಡುಗ ಬಲೆ ಹೊಲಿಯುತ್ತಿದ್ದ ಆ ಅಜ್ಜನ ಮೊಮ್ಮಗ. ಅಟ್ಟದಿಂದ ಹಳೇ ನೋಟ್‌ಬುಕ್ ಇಳಿಸಿ ತೆಗೆದೆ. ಎರಡು ಪುಟ ಇದೆ. ಬಲೆಯ ಅಳತೆ, ಕಾಲುವೆ ಮೀನಿನ ಹೆಸರುಗಳು, ಬಿಟ್ಟುಬಂದ ಊರಿನ ಹೊಳೆ, ದೋಣಿಯಲ್ಲಿ ಯಾರು ಯಾರಿದ್ದರು, ಎಲ್ಲ ಇದೆ. ವರ್ಷ ಮಾತ್ರ ಇಲ್ಲ. ಬೇಕಂತಲೇ ಬಿಟ್ಟಿದ್ದೆ, ಅವರ ಒಳ್ಳೆಯದಕ್ಕೆ ಅಂತ. ಅದನ್ನೇ ಅವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾತನ ದನಿ ಏನಾದ್ರೂ ಇದೆಯಾ ಮೇಡಂ?’ ಅಂದ. ಕ್ಯಾಸೆಟ್ ಇತ್ತು. ಅಂಗಡಿಯಲ್ಲಿ ಫೋನಿಗೆ ಹಾಕಿಸಿ ಕಳಿಸಿದೆ, ಹನ್ನೊಂದು ನಿಮಿಷ.